ದೋಣಿಯ ಕಾರ್ಪೆಟ್ ಕಿತ್ತು ಜಾರದ ಲೇಪ ಹಾಕುವ ಮುಂಚೆ ಹಲಗೆ ನೋಡಿ

ಪ್ರಶ್ನೆ: ನಮ್ಮದು 5 ಮೀಟರ್ ಉದ್ದದ ಅಲ್ಯೂಮಿನಿಯಂ ದೋಣಿ. ಒಳಗೆ ಪ್ಲೈವುಡ್ ಡೆಕ್, ಅದರ ಮೇಲೆ ಅಂಟಿಸಿದ ಕಾರ್ಪೆಟ್. ಮೀನು ಹಿಡಿಯಲು ಹೋಗುತ್ತೇವೆ, ಮಕ್ಕಳೂ ಬರಿಗಾಲಲ್ಲಿ ಬರುತ್ತಾರೆ. ಕಾರ್ಪೆಟ್ ಒಣಗುವುದೇ ಇಲ್ಲ. ವಾಸನೆ ಬೇರೆ. ಗಾಳದ ಕೊಕ್ಕೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂಭಾಗದ ಒಂದು ಮೂಲೆಯಲ್ಲಿ ಕಾಲಿಟ್ಟರೆ ಸ್ವಲ್ಪ ಕುಸಿದ ಹಾಗಾಗುತ್ತದೆ. ಕಾರ್ಪೆಟ್ ಕಿತ್ತು ಮರಳು ಬೆರೆಸಿದ ಪೇಂಟ್ ಹೊಡೆದರೆ ಸಾಕಾ? ಯಾವ ಲೇಪ ಹೆಚ್ಚು ದಿನ ಬಾಳುತ್ತದೆ?

ಉತ್ತರ: ನೀವು ಕೊನೆಗೆ ಕೇಳಿದ್ದಕ್ಕಿಂತ ನಡುವೆ ಹೇಳಿ ಬಿಟ್ಟ ಮಾತು ದೊಡ್ಡದು. ಆ ಕುಸಿಯುವ ಮೂಲೆ. ಅಲ್ಲಿಂದಲೇ ಶುರು ಮಾಡೋಣ.

ಎಷ್ಟು ಒಳ್ಳೆಯ ಲೇಪವಾದರೂ ಕೆಳಗಿನ ಹಲಗೆ ಗಟ್ಟಿ ಇರುವವರೆಗೆ ಮಾತ್ರ ನಿಲ್ಲುತ್ತದೆ. ಕಾಲಿಟ್ಟಾಗ ಹಲಗೆ ಬಗ್ಗಿದರೆ ಲೇಪ ಸೀಳುತ್ತದೆ. ಸೀಳಿನಲ್ಲಿ ನೀರು ಇಳಿಯುತ್ತದೆ, ಆದರೆ ಮೇಲೆ ಮುಚ್ಚಳ ಇರುವುದರಿಂದ ಹೊರಗೆ ಬರಲು ದಾರಿ ಇರುವುದಿಲ್ಲ. ಆಮೇಲೆ ಲೇಪ ಗುಳ್ಳೆ ಎದ್ದು ಹಾಳೆಯ ಹಾಗೆ ಏಳುತ್ತದೆ. "ಲೇಪ ಸರಿಯಿಲ್ಲ" ಎಂದು ಜನ ತೋರಿಸುವ ಡೆಕ್‌ಗಳಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದು ಇದನ್ನೇ. ಡಬ್ಬದಲ್ಲಿ ಇದ್ದದ್ದು ಸರಿಯಾಗಿಯೇ ಇತ್ತು. ಅದರ ಕೆಳಗೆ ಕುಂಬು ಹಿಡಿದ ಮರ ಇತ್ತು.

ಕಾರ್ಪೆಟ್ ಯಾಕೆ ಇಷ್ಟು ಹಾಳು ಮಾಡುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೇಲಿನ ನಾರು ಬಿಸಿಲಿಗೆ ಒಣಗಿದ ಹಾಗೆ ಕಾಣುತ್ತದೆ. ಆದರೆ ಕೆಳಗಿನ ಅಂಟಿನ ಪದರದ ಹತ್ತಿರ ನೀರು ದಿನಗಟ್ಟಲೆ ಉಳಿಯುತ್ತದೆ. ಗಾಳಿ ಆಡದ ತೇವ ಸಿಕ್ಕರೆ ಮರಕ್ಕೆ ಬೂಷ್ಟು ಹಿಡಿಯುತ್ತದೆ. ಅಲ್ಯೂಮಿನಿಯಂ ಕಥೆ ಸ್ವಲ್ಪ ಬೇರೆ. ಅದು ಗಾಳಿಯಲ್ಲಿನ ಆಮ್ಲಜನಕದಿಂದ ತನ್ನ ಮೇಲೆ ತಾನೇ ಒಂದು ತೆಳುವಾದ ರಕ್ಷಣೆಯ ಪದರ ಕಟ್ಟಿಕೊಳ್ಳುತ್ತದೆ. ಒದ್ದೆ ಬಟ್ಟೆ ಹೊದೆಸಿದ ಹಾಗೆ ಮುಚ್ಚಿಟ್ಟರೆ ಆ ಪದರ ಮತ್ತೆ ಕಟ್ಟಿಕೊಳ್ಳುವುದಿಲ್ಲ. ಬಿಳಿ ಪುಡಿ ಏಳುತ್ತದೆ, ಸಣ್ಣ ಸಣ್ಣ ಗುಳಿ ಬೀಳುತ್ತವೆ. ಉಪ್ಪುನೀರಿನಲ್ಲಿ ಓಡಾಡುವ ದೋಣಿಗೆ ಇದು ಇನ್ನೂ ಜಾಸ್ತಿ. ಹಾಗಾಗಿ ಕಾರ್ಪೆಟ್ ಕೀಳುವ ನಿಮ್ಮ ನಿರ್ಧಾರ ಸರಿಯಾದದ್ದೇ.

ಕೀಳುವಾಗ ಇಡೀ ಕಾರ್ಪೆಟ್ಟನ್ನು ಒಟ್ಟಿಗೆ ಎಳೆಯಲು ಹೋಗಬೇಡಿ. ಮೊದಲು ಸೀಟು, ಬಿಜಾಗರಿ, ಕೊಂಡಿ, ಎಲ್ಲ ಬಿಚ್ಚಿ. ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ, ಸ್ಕ್ರೂಗಳನ್ನು ಜಾಗದ ಹೆಸರು ಬರೆದ ಬೇರೆ ಬೇರೆ ಚೀಲಗಳಲ್ಲಿ ಹಾಕಿ. ಆಮೇಲೆ ಗಟ್ಟಿ ಬ್ಲೇಡಿನ ಚಾಕುವಿನಿಂದ ಅಂಗೈ ಅಗಲದ ಪಟ್ಟಿಗಳಾಗಿ ಸೀಳಿ, ಒಂದೊಂದಾಗಿ ಎಳೆಯಿರಿ. ಪಟ್ಟಿ ಕಿರಿದಾದಷ್ಟೂ ಕೈಗೆ ಬೀಳುವ ಭಾರ ಕಡಿಮೆ. ಅಲ್ಯೂಮಿನಿಯಂ ಮೇಲೇ ನೇರವಾಗಿ ಅಂಟಿಸಿದ ಕಡೆ ಚಾಕುವನ್ನು ಹಗುರವಾಗಿ ಆಡಿಸಿ, ಲೋಹದ ಮೇಲೆ ಗೀರು ಬೀಳಬಾರದು.

ಹೀಟ್ ಗನ್‌ನಿಂದ ಬಿಸಿ ಮಾಡಿದರೆ ಹಳೇ ಅಂಟು ಮೆತ್ತಗಾಗಿ ಕೆರೆಯಲು ಸುಲಭವಾಗುತ್ತದೆ. ಆದರೆ ಇಲ್ಲಿ ಎರಡು ಎಚ್ಚರಿಕೆ ಇದೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ತುಂಬಾ ದೋಣಿಗಳಲ್ಲಿ ಡೆಕ್ ಕೆಳಗೆ ತೇಲುವ ಫೋಮ್ ತುಂಬಿರುತ್ತಾರೆ. ಅದು ಹೊತ್ತಿಕೊಂಡರೆ ಬರುವ ಹೊಗೆ ವಿಷ. ಹಾಗಾಗಿ ಸಂದು, ತೂತುಗಳ ಹತ್ತಿರ ಬಿಸಿಗಾಳಿ ಬಿಡಬೇಡಿ. ಇನ್ನೊಂದು, ಅಂಟು ಕರಗಿಸುವ ದ್ರಾವಣ. ಫೋಮ್ ಥರ್ಮಾಕೋಲ್ ಜಾತಿಯದಾಗಿದ್ದರೆ ಅಸಿಟೋನ್, ಝೈಲೀನ್‌ನಂಥವು ಅದನ್ನು ಸಕ್ಕರೆಯ ಹಾಗೆ ಕರಗಿಸಿಬಿಡುತ್ತವೆ. ಮೇಲಿಂದ ಏನೂ ಕಾಣುವುದಿಲ್ಲ, ಕೆಳಗೆ ದೋಣಿಯನ್ನು ತೇಲಿಸಬೇಕಾದ ವಸ್ತುವೇ ಖಾಲಿಯಾಗಿರುತ್ತದೆ. ದ್ರಾವಣ ಬಳಸಲೇಬೇಕಾದರೆ ಬಟ್ಟೆಗೆ ಹಾಕಿಕೊಂಡು ಒರೆಸಿ, ಡೆಕ್ ಮೇಲೆ ಸುರಿಯಬೇಡಿ. ದ್ರಾವಣ ತೆರೆದಿಟ್ಟ ಜಾಗದಲ್ಲಿ ಹೀಟ್ ಗನ್ ಬೇಡವೇ ಬೇಡ.

ಈಗ ಆ ಮೂಲೆ. ಒಂದು ಚೂಪಾದ ಸ್ಕ್ರೂಡ್ರೈವರ್ ತೆಗೆದುಕೊಂಡು ಇಡೀ ಡೆಕ್ಕನ್ನು ಗೇಣಿಗೊಂದರಂತೆ ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ಮೊನೆ ನಿಂತುಬಿಡುತ್ತದೆ. ಕುಂಬು ಹಿಡಿದ ಮರದಲ್ಲಿ ಬ್ರೆಡ್ಡಿಗೆ ಚುಚ್ಚಿದ ಹಾಗೆ ಒಳಗೆ ಹೋಗುತ್ತದೆ. ಸ್ಕ್ರೂ ತೂತುಗಳ ಸುತ್ತ, ಸೀಟಿನ ಕಂಬದ ಬುಡ, ಹಲಗೆಯ ಅಂಚು, ಇವು ಮೊದಲು ಕೆಡುವ ಜಾಗ. ಅಲ್ಲಿ ಜಾಸ್ತಿ ಚುಚ್ಚಿ. ಸುತ್ತಿಗೆಯ ಹಿಡಿಯಿಂದ ತಟ್ಟಿದರೂ ಗೊತ್ತಾಗುತ್ತದೆ. ಒಳ್ಳೆ ಮರ ಟಣ್ ಎನ್ನುತ್ತದೆ, ಕೆಟ್ಟದ್ದು ಮಂಕಾಗಿ ಡಬ್ ಎನ್ನುತ್ತದೆ. ಮೆತ್ತಗಾದ ಮರಕ್ಕೆ ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಕುಡಿಸಿ ಗಟ್ಟಿ ಮಾಡುತ್ತೇವೆ ಎಂದು ಹೇಳುವವರಿದ್ದಾರೆ. ನಾಣ್ಯದಷ್ಟು ಜಾಗಕ್ಕೆ ಸರಿ. ಕಾಲಿಟ್ಟರೆ ಕುಸಿಯುವ ಮೂಲೆಗೆ ಅದು ಸಾಲದು. ಅಲ್ಲಿನ ಕೆಟ್ಟ ಹಲಗೆಯನ್ನು ಬದಲಾಯಿಸಿ. ಹೇಗೂ ತೆಗೆಯುತ್ತೀರಲ್ವಾ, ಕೆಳಗಿನ ಫೋಮ್ ಒದ್ದೆಯಾಗಿದೆಯಾ ಅಂತಲೂ ಒತ್ತಿ ನೋಡಿಬಿಡಿ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ ಭಾರ. ನೀರು ಕುಡಿದ ಫೋಮ್ ದೋಣಿಯನ್ನು ತೇಲಿಸುವ ಬದಲು ಕೆಳಕ್ಕೆ ಎಳೆಯುತ್ತಿರುತ್ತದೆ.

ಹೊಸ ಹಲಗೆಗೆ ಹಳೆಯದನ್ನೇ ಅಚ್ಚಾಗಿ ಇಟ್ಟುಕೊಂಡು ಕೊಯ್ಯಿರಿ. ಮರೈನ್ ಪ್ಲೈವುಡ್ ಸಿಕ್ಕರೆ ಒಳ್ಳೆಯದು, ಅದರ ಒಳಪದರಗಳಲ್ಲಿ ಖಾಲಿ ಜಾಗ ಇರುವುದಿಲ್ಲ. ಒಂದು ಮಾತ್ರ ನೆನಪಿಡಿ: ಅಲ್ಯೂಮಿನಿಯಂ ದೋಣಿಗೆ ತಾಮ್ರದ ಲವಣ ಕುಡಿಸಿದ ಪ್ಲೈವುಡ್ ಹಾಕಬೇಡಿ. ಕೊಳೆಯಬಾರದು ಎಂದು ಹಾಗೆ ಮಾಡಿರುತ್ತಾರೆ, ನೋಡಲು ಸ್ವಲ್ಪ ಹಸಿರು ಛಾಯೆ ಇರಬಹುದು. ಒದ್ದೆಯಾದಾಗ ಅದರಿಂದ ತಾಮ್ರ ಹೊರಬಂದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಮರ ಉಳಿದು ದೋಣಿ ಹೋಗುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಅಲ್ಯೂಮಿನಿಯಂ ಒಳಗೆ ಇಳಿಯುವ ಕಡೆಯೂ ಎರಡು ಲೋಹ ನೇರವಾಗಿ ತಾಗದಂತೆ ಅದಕ್ಕೆಂದೇ ಬರುವ ಪೇಸ್ಟ್ ಸವರಿ.

ಈಗ ಹಲಗೆಗೆ ಎಪಾಕ್ಸಿ. ನನ್ನ ಪಾಲಿಗೆ ಇದು ಇಡೀ ಕೆಲಸದ ಹೃದಯ. ಮೇಲ್ಭಾಗಕ್ಕೆ ಮಾತ್ರ ಹೊಡೆದು ಬಿಡಬೇಡಿ. ಆರೂ ಮುಖ, ಅಂದರೆ ಮೇಲೆ, ಕೆಳಗೆ, ನಾಲ್ಕು ಅಂಚು. ಅಂಚಿನಲ್ಲಿ ಮರದ ನಾಳಗಳು ಬಾಯಿ ತೆರೆದಿರುತ್ತವೆ, ನೀರನ್ನು ಹೀರುಕೊಳವೆಯ ಹಾಗೆ ಎಳೆದುಕೊಳ್ಳುತ್ತವೆ. ಅಂಚಿಗೆ ಮೂರು ಸಲವಾದರೂ ಕುಡಿಸಿ. ಸ್ಕ್ರೂ ತೂತುಗಳಿಗೆ ಬೇರೆ ಉಪಾಯವಿದೆ. 6 ಮಿಲಿಮೀಟರ್ ಸ್ಕ್ರೂ ಬರುವ ಕಡೆ 10 ಮಿಲಿಮೀಟರ್ ತೂತು ಕೊರೆಯಿರಿ. ಪುಡಿ ಬೆರೆಸಿ ಮಂದ ಮಾಡಿಕೊಂಡ ಹಸಿ ಎಪಾಕ್ಸಿಯಿಂದ ತುಂಬಿ. ಒಣಗಿದ ಮೇಲೆ ಅದರ ನಡುವೆ ಸ್ಕ್ರೂ ತೂತು ಕೊರೆಯಿರಿ. ಆಗ ಸ್ಕ್ರೂ ಪಕ್ಕದಲ್ಲಿ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ.

ಎಪಾಕ್ಸಿ ಹಚ್ಚುವ ಹೊತ್ತೂ ಮುಖ್ಯ. ಬೆಳಗ್ಗೆ ತಣ್ಣಗಿದ್ದ ಹಲಗೆಗೆ ಹಚ್ಚಿ ಬಿಸಿಲಿಗೆ ಇಟ್ಟರೆ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಮೇಲೆಲ್ಲ ಗುಳ್ಳೆ ಏಳುತ್ತದೆ. ಬದಲಿಗೆ ಹಲಗೆಯನ್ನು ಮೊದಲು ಬೆಚ್ಚಗಾಗಿಸಿ, ಆಮೇಲೆ ನೆರಳಿಗೆ ತಂದು ಅದು ತಣ್ಣಗಾಗುತ್ತಿರುವಾಗ ಹಚ್ಚಿ. ಒಳಗಿನ ಗಾಳಿ ಕುಗ್ಗುತ್ತಾ ಎಪಾಕ್ಸಿಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಕೆಲವು ಎಪಾಕ್ಸಿಗಳ ಮೇಲೆ ಮೇಣದಂಥ ಒಂದು ಜಿಡ್ಡು ಬರುತ್ತದೆ. ಅದನ್ನು ಬರೀ ನೀರು ಮತ್ತು ಒರಟು ಸ್ಪಂಜಿನಿಂದ ತೊಳೆಯಬೇಕು. ತೊಳೆಯದೆ ಉಜ್ಜುಕಾಗದ ಹಿಡಿದರೆ ಆ ಜಿಡ್ಡನ್ನೇ ಗೀರುಗಳೊಳಗೆ ತುಂಬಿದ ಹಾಗೆ. ಮೇಲಿನ ಲೇಪ ಆಮೇಲೆ ಕೈಯಲ್ಲೇ ಸುಲಿದು ಬರುತ್ತದೆ. ತೊಳೆದು ಒಣಗಿಸಿ, 80 ಅಥವಾ 120 ನಂಬರಿನ ಕಾಗದದಿಂದ ಹೊಳಪು ಪೂರ್ತಿ ಹೋಗುವ ತನಕ ಉಜ್ಜಿ. ಎಪಾಕ್ಸಿಯನ್ನೇ ಕೊನೆಯ ಪದರವಾಗಿ ಬಿಡಬೇಡಿ, ಬಿಸಿಲಿಗೆ ಅದು ಸುಣ್ಣದಂತೆ ಪುಡಿಯಾಗುತ್ತದೆ.

ಎರಡು ಹಲಗೆ ಸೇರುವ ಸಂದು ಸದಾ ಸ್ವಲ್ಪ ಆಡುತ್ತಿರುತ್ತದೆ. ಯಾವಾಗಲೂ ಬಿಚ್ಚಬೇಕಿಲ್ಲದ ಸಂದಾದರೆ ಫೈಬರ್‌ಗ್ಲಾಸ್ ಪಟ್ಟಿಯನ್ನು ಎಪಾಕ್ಸಿಯಲ್ಲಿ ಕೂರಿಸಿ ಬೆಸೆದುಬಿಡಿ. ಬಿಚ್ಚಬೇಕಾದ್ದಾದರೆ ಲೇಪವನ್ನು ಸಂದಿನ ಮೇಲೆ ಹಾಯಿಸದೆ ಎರಡೂ ಕಡೆ ಅಂಚಿಗೇ ನಿಲ್ಲಿಸಿ, ನಡುವೆ ಬಗ್ಗುವ ಪಾಲಿಯುರೆಥೇನ್ ಸೀಲಂಟ್ ತುಂಬಿ.

ಬರಿ ಅಲ್ಯೂಮಿನಿಯಂ ಇರುವ ಭಾಗಕ್ಕೂ ಲೇಪ ಹಾಕುವುದಾದರೆ ಅದರ ತಯಾರಿ ಬೇರೆ. ಜಿಡ್ಡು ತೆಗೆದು, ಉಜ್ಜಿ, ಅದೇ ದಿನ ಕೆಲವೇ ಗಂಟೆಗಳಲ್ಲಿ ಅಲ್ಯೂಮಿನಿಯಂಗೆ ಹೊಂದುವ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಸ್ವಲ್ಪ ಕೊರೆದು ಹಿಡಿಯುವ ಮೊದಲ ಲೇಪ, ಅಥವಾ ಎಪಾಕ್ಸಿ ಪ್ರೈಮರ್ ಹಾಕಿ. ನಾಳೆಗೆ ಬಿಟ್ಟರೆ ಹೊಸ ಆಕ್ಸೈಡ್ ಪದರ ಬೆಳೆದಿರುತ್ತದೆ, ಹಿಡಿತ ಕಡಿಮೆ. ಕಬ್ಬಿಣದ ತಂತಿ ಬ್ರಷ್ ಬೇಡ. ಅದರ ಚೂರು ಅಲ್ಯೂಮಿನಿಯಮ್ಮಿನಲ್ಲಿ ನಾಟಿಕೊಂಡು ಆಮೇಲೆ ತುಕ್ಕಿನ ಚುಕ್ಕಿಯಾಗುತ್ತದೆ. ಫೈಬರ್ ದೋಣಿ ಇರುವ ಓದುಗರಿಗೂ ಒಂದು ಮಾತು: ಮೊದಲು ಮೇಣ ತೆಗೆಯಿರಿ, ಆಮೇಲೆ ಉಜ್ಜಿ. ನೀರು ಚೆಲ್ಲಿದಾಗ ಮುತ್ತು ಮುತ್ತಾಗಿ ನಿಂತರೆ ಮೇಣ ಇನ್ನೂ ಇದೆ. ಹಾಳೆಯಂತೆ ಹರಡಿದರೆ ಹೋಗಿದೆ.

ಇಷ್ಟಾದ ಮೇಲೆ ನಿಮ್ಮ ಮರಳು ಪೇಂಟಿನ ವಿಷಯ. ನಾನು ಮೊದಲ ಸಲ ಮಾಡಿದ್ದೂ ಅದನ್ನೇ. ಡಬ್ಬಕ್ಕೆ ಮರಳು ಸುರಿದು, ಕಲಸಿ, ರೋಲರ್‌ನಲ್ಲಿ ಹೊಡೆದೆ. ಮರಳು ಪೇಂಟಿಗಿಂತ ಭಾರ, ಅದು ತಳಕ್ಕೆ ಇಳಿಯುತ್ತಲೇ ಇರುತ್ತದೆ. ಮೊದಲು ಹೊಡೆದ ಅರ್ಧ ಡೆಕ್ ಜಾರುತ್ತಿತ್ತು. ಕೊನೆಯ ಅರ್ಧ ತೆಂಗಿನಕಾಯಿ ತುರಿಯುವಷ್ಟು ಒರಟು. ಮಂಡಿಯೂರಿ ಬಲೆ ಎಳೆದ ಹುಡುಗನ ಮೊಣಕಾಲು ತರಚಿ ರಕ್ತ ಬಂತು. ಆ ಮೊಣಕಾಲು ನೋಡಿದಾಗಿನಿಂದ ಯಾರೇ ಕೇಳಿದರೂ ನಾನು ಮೊದಲು ಕೇಳುವುದು ಒಂದೇ. ಆ ಡೆಕ್ ಮೇಲೆ ಯಾರು ಬರಿಗಾಲಲ್ಲಿ ಓಡಾಡುತ್ತಾರೆ, ಯಾರು ಮಂಡಿಯೂರುತ್ತಾರೆ?

ಹರಳು ಯಾವುದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಲ್ಯೂಮಿನಿಯಂ ಆಕ್ಸೈಡ್ ಹರಳು ತುಂಬಾ ಗಟ್ಟಿ, ಮೊನೆ ಚೂಪು. ಗಂಬೂಟು ಹಾಕಿ ದುಡಿಯುವ ದೋಣಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಮಕ್ಕಳಿರುವ ದೋಣಿಗೆ ಬೇಡ. ಮರಳು ಅದಕ್ಕಿಂತ ಸ್ವಲ್ಪ ಮೆದು, ಆದರೂ ಚರ್ಮಕ್ಕೆ ಒರಟೇ. ಪ್ಲಾಸ್ಟಿಕ್ಕಿನ ದುಂಡು ಮಣಿಗಳು ಕಾಲಿಗೆ ಹಿತ, ಹಿಡಿತ ಮಧ್ಯಮ. ರಬ್ಬರ್ ಹರಳು ಕಾಲಿನ ಕೆಳಗೆ ಸ್ವಲ್ಪ ಒತ್ತಿಕೊಳ್ಳುತ್ತದೆ. ಒದ್ದೆಯಲ್ಲೂ ಹಿಡಿಯುತ್ತದೆ, ಮೊಣಕಾಲನ್ನು ತರಚುವುದಿಲ್ಲ. ಗಾಳದ ತೂಕದ ಗುಂಡು ಬಿದ್ದರೂ ಸದ್ದು ಕಡಿಮೆ.

ಹಾಗಾಗಿ ನಿಮಗೆ ನನ್ನ ಉತ್ತರ: ರಬ್ಬರ್ ಹರಳು ಬೆರೆಸಿದ ಪಾಲಿಯುರೆಥೇನ್ ಲೇಪ. ಡ್ಯುರಾಬ್ಯಾಕ್ ಎಂಬ ಬ್ರ್ಯಾಂಡ್ ಈ ಜಾತಿಯದು. ಅದು ಒಣಗಿದ ಮೇಲೂ ಬಗ್ಗುತ್ತದೆ, ಪ್ಲೈವುಡ್ಡಿನ ಸಣ್ಣ ಅಲುಗಾಟಕ್ಕೆ ಸೀಳುವುದಿಲ್ಲ. ಕೊಳ್ಳುವಾಗ ಬಿಸಿಲಿಗೆ ತಡೆಯುವ ಬಗೆಯನ್ನೇ ಕೇಳಿ. ಅಲಿಫ್ಯಾಟಿಕ್ ಪಾಲಿಯುರೆಥೇನ್ ಬಣ್ಣ ಉಳಿಸಿಕೊಳ್ಳುತ್ತದೆ, ಅರೋಮ್ಯಾಟಿಕ್ ಬಗೆ ಬಿಸಿಲಿಗೆ ಹಳದಿಯಾಗುತ್ತದೆ. ಬೇರೆ ದಾರಿಗಳೂ ಇವೆ. ಕಿವಿಗ್ರಿಪ್ (KiwiGrip) ಎಂಬ ಬ್ರ್ಯಾಂಡ್ ನೀರು ಆಧಾರಿತ ಅಕ್ರಿಲಿಕ್ ಲೇಪ, ದಪ್ಪ ಹಿಟ್ಟಿನ ಹಾಗಿರುತ್ತದೆ. ಹರಡಿ, ತೂತುತೂತಿನ ರೋಲರ್ ಆಡಿಸಿದರೆ ಸಣ್ಣ ಸಣ್ಣ ಶಿಖರಗಳು ಏಳುತ್ತವೆ. ಅದರಲ್ಲಿ ಹರಳೇ ಇಲ್ಲ, ವಾಸನೆಯೂ ಕಡಿಮೆ. ಮೊದಲ ಸಲ ಮಾಡುವವರಿಗೆ ಹೆದರಿಕೆ ಇಲ್ಲದ ವಸ್ತು. ಪಿಕಪ್ ಗಾಡಿಯ ಸಾಮಾನು ತುಂಬುವ ತೊಟ್ಟಿಗೆ ಹೊಡೆಯುವ ಬೆಡ್ ಲೈನರ್ ಗಟ್ಟಿ ಏನೋ ಹೌದು. ಆದರೆ ಸಾಮಾನ್ಯವಾಗಿ ಕಪ್ಪು, ಬಿಸಿಲಿನಲ್ಲಿ ಬರಿಗಾಲು ಇಡಲಾಗುವುದಿಲ್ಲ. ಅಂಟಿಸುವ ಇವಿಎ ಫೋಮ್ ಹಾಳೆ ಕಾಲಿಗೆ ಎಲ್ಲಕ್ಕಿಂತ ಹಿತ. ಆದರೆ ಕೊಕ್ಕೆ, ಚಾಕು ತಾಗಿದರೆ ಹರಿಯುತ್ತದೆ. ಮೀನು ಹಿಡಿಯುವ ದೋಣಿಗೆ ನಾನು ಹೇಳುವುದಿಲ್ಲ. ಮನೆಗೆ ಹೊಡೆಯುವ ಪೇಂಟಿಗೆ ಮರಳು ಹಾಕುವುದಂತೂ ಸುಮ್ನೆ ಶ್ರಮ ವ್ಯರ್ಥ.

ಮರಳನ್ನೇ ಬಳಸುವ ಮನಸ್ಸಿದ್ದರೆ ಕಲಸಬೇಡಿ, ಉದುರಿಸಿ. ಹಸಿ ಪದರದ ಮೇಲೆ ಹಪ್ಪಳಕ್ಕೆ ಹಿಟ್ಟು ಉದುರಿಸಿದ ಹಾಗೆ, ಬಣ್ಣ ಕಾಣದಷ್ಟು ಧಾರಾಳವಾಗಿ. ಒಣಗಿದ ಮೇಲೆ ಅಂಟದೆ ಉಳಿದದ್ದನ್ನು ಗುಡಿಸಿ ತೆಗೆದು, ಮೇಲೊಂದು ಪದರ ಹೊಡೆಯಿರಿ. ಹರಳು ಎಲ್ಲ ಕಡೆ ಒಂದೇ ಸಮನಾಗಿ ಕೂರುತ್ತದೆ.

ಲೇಪದ ಹಿಂದಿನ ದಿನ ಡೆಕ್ ಮೇಲೆ ಒಂದು ಬಕೆಟ್ ನೀರು ಸುರಿದು ನೋಡಿ. ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಎಂದು ಗುರುತು ಹಾಕಿ. ನೀರು ಹರಿಯುವ ಅಂಚಿನಲ್ಲಿ ಎರಡು ಬೆರಳಗಲ ನುಣುಪಾಗಿ ಬಿಡಿ, ಕೊಳೆ ನಿಲ್ಲದೆ ಹೋಗುತ್ತದೆ. ಸೀಟಿನ ಕಂಬ, ಬಿಜಾಗರಿ ಕೂರುವ ಜಾಗವನ್ನೂ ನುಣುಪಾಗಿಯೇ ಬಿಡಬೇಕು. ಒರಟು ಲೇಪದ ಮೇಲೆ ಸೀಲಂಟ್ ಸರಿಯಾಗಿ ಕೂರುವುದಿಲ್ಲ, ನೀರು ಅಲ್ಲಿಂದಲೇ ಇಳಿಯುತ್ತದೆ. ನುಣುಪಾಗಿ ಬಿಡಬೇಕಾದ ಜಾಗ ಮುಚ್ಚಲು ಟೇಪ್ ಹಚ್ಚುವಾಗ ಚೌಕ ಮೂಲೆ ಬೇಡ. ಒಂದು ಡಬ್ಬದ ಮುಚ್ಚಳ ಇಟ್ಟು ದುಂಡಗೆ ಕತ್ತರಿಸಿ. ಚೂಪು ಮೂಲೆಯಿಂದಲೇ ಲೇಪ ಮೊದಲು ಏಳುವುದು.

ಎಷ್ಟು ಬೇಕು ಎಂಬ ಲೆಕ್ಕ ಸುಲಭ. ಒಂದು ಲೀಟರ್ ಲೇಪವನ್ನು ಒಂದು ಚದರ ಮೀಟರ್‌ಗೆ ಹರಡಿದರೆ ಹಸಿ ಪದರ ಒಂದು ಮಿಲಿಮೀಟರ್ ದಪ್ಪ. ನಿಮ್ಮ ಡೆಕ್ 4 ಮೀಟರ್ ಉದ್ದ, 1.5 ಮೀಟರ್ ಅಗಲ ಎಂದುಕೊಂಡರೆ 6 ಚದರ ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಪದರಕ್ಕೆ 3 ಲೀಟರ್, ಎರಡು ಪದರಕ್ಕೆ 6. ಡಬ್ಬದ ಮೇಲೆ ಬರೆದ ಲೆಕ್ಕವನ್ನೂ ಇದರ ಜೊತೆ ಹೋಲಿಸಿ ನೋಡಿ, ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ. ಬಣ್ಣ ತಿಳಿಬೂದು ಅಥವಾ ಕೆನೆ ಬಣ್ಣ ಇರಲಿ. ಅಚ್ಚ ಬಿಳಿ ಕಣ್ಣು ಕುಕ್ಕುತ್ತದೆ, ಗಾಢ ಬಣ್ಣ ಕಾಲು ಸುಡುತ್ತದೆ.

ಹೊಡೆಯುವ ದಿನ ಮೋಡ ಇದ್ದರೂ ಮಳೆ ಇರಬಾರದು. ಡೆಕ್ಕಿನ ಮೇಲ್ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು ಎಂಬುದು ಪೇಂಟ್ ಕೆಲಸದವರ ಹಳೇ ನಿಯಮ. ಸರಳವಾಗಿ ಹೇಳಿದರೆ, ಬೆಳಗಿನ ತೇವ ಆರಿದ ಮೇಲೆ ಶುರು ಮಾಡಿ, ಸಂಜೆಯ ಇಬ್ಬನಿಗೆ ಎಷ್ಟೋ ಮುಂಚೆ ಮುಗಿಸಿ. ಸುಡು ಬಿಸಿಲಲ್ಲೂ ಬೇಡ. ರಬ್ಬರ್ ಹರಳು ಕೂಡ ಡಬ್ಬದಲ್ಲಿ ಕೂತು ಹೋಗುತ್ತದೆ. ನಿಧಾನ ವೇಗದ ಡ್ರಿಲ್ಲಿಗೆ ಕಲಕುವ ಕಡ್ಡಿ ಹಾಕಿ ತಳದಿಂದ ಕಲಕಿ, ಸ್ವಲ್ಪ ಸ್ವಲ್ಪವೇ ತಟ್ಟೆಗೆ ಸುರಿದುಕೊಂಡು ಮತ್ತೆ ಮತ್ತೆ ಕಲಕುತ್ತಿರಿ. ಅಂಚುಗಳನ್ನು ಮೊದಲು ಬ್ರಷ್‌ನಿಂದ ಎಳೆಯದೆ ಕುಟ್ಟಿ ಕುಟ್ಟಿ ತುಂಬಿ, ಆಮೇಲೆ ರೋಲರ್. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಒಳ್ಳೆಯದು. ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡಲಾಗಿ ಹೊಡೆಯಿರಿ. ಎರಡು ಪದರಗಳ ನಡುವಿನ ಸಮಯ ಡಬ್ಬದ ಮೇಲೆ ಬರೆದಿರುತ್ತದೆ. ಆ ಹೊತ್ತು ಮೀರಿದರೆ ಮತ್ತೆ ಉಜ್ಜಿಯೇ ಮುಂದುವರಿಯಬೇಕು. ಕೊನೆಯ ಪದರ ಹಸಿ ಇರುವಾಗಲೇ ಟೇಪ್ ಎಳೆದುಬಿಡಿ. ಒಣಗಿದ ಮೇಲೆ ಎಳೆದರೆ ಅಂಚು ಹರಿದು ಬರುತ್ತದೆ.

ನಿಮ್ಮ ಉಸಿರಿನ ಬಗ್ಗೆ ಒಂದು ಮಾತು. ಈ ಪಾಲಿಯುರೆಥೇನ್‌ಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಒಮ್ಮೆ ಅಲರ್ಜಿ ತಂದರೆ ಆಮೇಲೆ ಚೂರು ಸೋಂಕಿದರೂ ಉಬ್ಬಸ ಬರಬಹುದು. ಬಟ್ಟೆಯ ಮಾಸ್ಕ್, ಧೂಳಿನ ಮಾಸ್ಕ್ ಇದಕ್ಕೆ ಸಾಲದು. ರಾಸಾಯನಿಕ ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕ್, ನೈಟ್ರೈಲ್ ಗ್ಲೌಸ್ ಹಾಕಿ, ತೆರೆದ ಜಾಗದಲ್ಲಿ ರೋಲರ್‌ನಿಂದ ಮಾತ್ರ ಮಾಡಿ. ಸ್ಪ್ರೇ ಮಾಡುವ ಕೆಲಸ ಮನೆಯವರು ಮಾಡುವಂಥದ್ದಲ್ಲ. ಮಕ್ಕಳು ಅವತ್ತು ಹತ್ತಿರ ಬರಬಾರದು.

ಸಾಮಾನ್ಯವಾಗಿ ಒಂದು ದಿನಕ್ಕೆ ಮೆಲ್ಲಗೆ ಕಾಲಿಡಬಹುದು. ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು, ಚಳಿ ಇದ್ದರೆ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಸೀಟು ಕೂರಿಸಬೇಡಿ, ಟಾರ್ಪಾಲು ಹೊದೆಸಬೇಡಿ. ಆಮೇಲೆ ಸಾಬೂನು ನೀರು ಮತ್ತು ಗಟ್ಟಿ ಬ್ರಷ್ ಸಾಕು, ಹೊಳಪಿನ ಮೇಣ ಮಾತ್ರ ಯಾವತ್ತೂ ಬೇಡ. ಎಲ್ಲಾದರೂ ಅಂಚು ಎದ್ದರೆ ಅಂಟಿಸಲು ಹೋಗಬೇಡಿ. ಗಟ್ಟಿಯಾಗಿ ಹಿಡಿದ ಜಾಗ ಸಿಗುವವರೆಗೆ ಕತ್ತರಿಸಿ ತೆಗೆದು, ಸುತ್ತ ನಾಲ್ಕು ಬೆರಳಗಲ ಉಜ್ಜಿ, ಅಷ್ಟಕ್ಕೇ ಹೊಸ ಲೇಪ ಹಾಕಿ. ತೇವ ತಾಗಿದರೆ ಗಟ್ಟಿಯಾಗುವ ಬಗೆಯಾದರೆ ತೆರೆದ ಡಬ್ಬ ಉಳಿಯುವುದಿಲ್ಲ, ತೇಪೆಗೆಂದು ಒಂದು ಚಿಕ್ಕ ಡಬ್ಬವನ್ನು ತೆರೆಯದೆ ಇಟ್ಟುಕೊಳ್ಳಿ.

ಲೇಪ ಕೊಳ್ಳಲು ಮಾತ್ರ ಈಗಲೇ ಹೋಗಬೇಡಿ. ಮೊದಲು ಆ ಮೂಲೆಯ ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರ್ ಚುಚ್ಚಿ. ಎಷ್ಟು ಆಳ ಹೋಯಿತು, ಎಷ್ಟು ಅಗಲಕ್ಕೆ ಮೆತ್ತಗಿದೆ ಎಂದು ಬರೆದು ತಿಳಿಸಿ. ಕೆಟ್ಟ ಭಾಗವನ್ನಷ್ಟೇ ಕೊಯ್ದು ಜೋಡಿಸಬಹುದಾ, ಇಡೀ ಹಲಗೆ ತೆಗೆಯಬೇಕಾ ಎಂಬುದು ಅದರಿಂದಲೇ ಗೊತ್ತಾಗುತ್ತದೆ.